ನೀರಿನ ಲೆಕ್ಕ

ನಮ್ಮ ಮನೆಯ ಮಾರುತಿ 800 ಕಾರಿಗೆ 2024ರಲ್ಲಿ ಹದಿನೈದು ವರ್ಷ ತುಂಬಿತು. ಹದಿನೈದು ತುಂಬಿದ ವಾಹನವನ್ನು ತಪಾಸಣೆಗೆ ಒಪ್ಪಿಸಿ, ಇದು ಇನ್ನೂ ಓಡಬಲ್ಲದು ಎಂದು ತೋರಿಸಿಕೊಟ್ಟು, ನೋಂದಣಿಯನ್ನು ಹೊಸದು ಮಾಡಿಸಿಕೊಳ್ಳಬೇಕು. ಇದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಪಿಂಚಣಿಯಲ್ಲಿ ಬದುಕುವ ನಾನೂ ವರ್ಷಕ್ಕೊಮ್ಮೆ ಹೋಗಿ, ಇನ್ನೂ ಇದ್ದೇನೆ ಎಂದು ತೋರಿಸಿ ಬರುವವನೇ. ಕಾರಿಗೂ ನನಗೂ ಈಗ ಒಂದೇ ನಿಯಮ ಎಂದುಕೊಂಡೆ.

ಆದರೆ ಆ ಮಾರ್ಚ್ ತಿಂಗಳಲ್ಲಿ ಕಾರು ಸ್ವಲ್ಪ ಹಟ ಹಿಡಿಯಿತು. ಹೆಂಡತಿಯ ಕಣ್ಣು ತೋರಿಸಲು ಮಂಗಳೂರಿಗೆ ಹೋಗಿ ಹಿಂತಿರುಗುತ್ತಿದ್ದೆವು. ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದ ಕಾಲ ಅದು. ಉಪ್ಪಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ವಾಹನಗಳ ಸಾಲು ನಿಂತೇ ಬಿಟ್ಟಿತು. ಎಂದೂ ನಡುವಿನಿಂದ ಕದಲದ ಉಷ್ಣತೆಯ ಮುಳ್ಳು ಮೆಲ್ಲಮೆಲ್ಲನೆ ಕೆಂಪು ಗೆರೆಯ ಕಡೆಗೆ ಏರತೊಡಗಿತು. ಏಸಿ ನಿಲ್ಲಿಸಿದೆ. ಕಿಟಕಿ ಇಳಿಸಿದೆ. ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿದಳು. ನಾನು ರಸ್ತೆಯ ಅಂಚನ್ನು ನೋಡುತ್ತಿದ್ದೆ. ಅದೇ ಉಪ್ಪಳದ ಆಚೆ, ಸುಮಾರು ಮೂವತ್ತೆಂಟು ವರ್ಷಗಳ ಹಿಂದೆ, ಒಂದು ರಾತ್ರಿ ನಾನು ಮಳೆಯಲ್ಲಿ ನಿಂತಿದ್ದೆ. ಆ ಮಾತು ಆಮೇಲೆ ಹೇಳುತ್ತೇನೆ.

ಹೇಗೋ ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಬೋನೆಟ್ ಎತ್ತಿ ನೋಡಿದರೆ, ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಸಿರಾಗಿರಬೇಕಾದ ದ್ರವ ಕಂದು ಬಣ್ಣಕ್ಕೆ ತಿರುಗಿತ್ತು. ಬದಿಯಡ್ಕದ ಪೇಟೆಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಇಚ್ಚನಲ್ಲಿಗೆ ಒಯ್ದೆ. ನನಗಿಂತ ನಾಲ್ಕು ವರ್ಷ ಹಿರಿಯರು. ನಮಗೆಲ್ಲ ಅವರು ಬರಿಯ ಇಚ್ಚ, ಅವರಿಗೆ ನಾನು ಮಾಷೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನಕ್ಕರು.

"ಮಾಷೆ, ಇದು ಕೂಲೆಂಟಲ್ಲ. ಕಟ್ಟನ್ ಚಾಯ."

ಬದಲಿಸಿ ಎಷ್ಟು ವರ್ಷವಾಯಿತು ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಕಡಿಮೆಯಾದಾಗ ಮನೆಯ ನೀರು ಹೊಯ್ಯುತ್ತಿದ್ದೆ ಎಂದೆ. "ಪಚ್ಚವೆಳ್ಳಂ!" ಎಂದು ತಲೆಯಾಡಿಸಿದರು. ಆಗ ರಂಜಾನಿನ ನೋಂಬಿನ ದಿನಗಳು. ಪೆರ್ನಾಳಿಗೆ ಮುಂಚೆ ಮುಗಿಸಿಕೊಡಬೇಕಾದ ಗಾಡಿಗಳು ಅಂಗಳದ ತುಂಬ ನಿಂತಿದ್ದವು. "ಇದು ನೀವೇ ಮಾಡಬಹುದಾದ ಕೆಲಸ. ಪೆಟ್ಟಿಗೆ ತುಂಬ ಸ್ಪ್ಯಾನರು ಬೇಡ, ತಾಳ್ಮೆ ಬೇಕು. ಮಾಷನ್ಮಾರಿಗೆ ಅದು ಉಂಟಲ್ಲ" ಎಂದು ಹೇಳಿ, ಒಂದು ಬಿಲ್ಲಿನ ಹಿಂಬದಿಯಲ್ಲಿ ಮಲಯಾಳದಲ್ಲಿ ಒಂದರಿಂದ ಹನ್ನೊಂದರ ತನಕ ಬರೆದುಕೊಟ್ಟರು.

ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕನ್ನಡ ಕಲಿಸಿದವನು. ಮಲಯಾಳ ಮಾತು ಸರಾಗ. ಅಚ್ಚಾದ ಅಕ್ಷರವನ್ನು ತಡವರಿಸಿ ಓದಿಯೇನು. ಕೈಬರಹ, ಅದೂ ಮೆಕ್ಯಾನಿಕ್ಕಿನ ಕೈಬರಹ ಎಂದರೆ ಸೋತೆ. ಅದಕ್ಕೆ ಸಿಕ್ಕಿದವನು ಮೊಮ್ಮಗ. ಮಗಳ ಮಗ, ಎಂಟನೆಯ ತರಗತಿಯ ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದ. ಅವನಿಗೆ ಇಂಗ್ಲಿಷು, ಮಲಯಾಳ ಎರಡೂ ನೀರು ಕುಡಿದಷ್ಟು ಸುಲಭ. ಕನ್ನಡವನ್ನು ಮಾತ್ರ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾನೆ. ಹೀಗೆ ಆ ತಿಂಗಳ ಕೊನೆಯ ಶನಿವಾರ ಅಜ್ಜ ಮೊಮ್ಮಗ ಇಬ್ಬರೂ ಹಳೆ ಲುಂಗಿ ಸುತ್ತಿಕೊಂಡು ಅಂಗಳಕ್ಕೆ ಇಳಿದೆವು. ಅವನು ಓದುವವನು, ನಾನು ಮಾಡುವವನು.

ಚೀಟಿಯ ಮೊದಲನೆಯ ಸಾಲು: ಎಂಜಿನು ಪೂರ್ತಿ ತಣ್ಣಗಿರಬೇಕು. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಬಿಸಿಯಾದ ರೇಡಿಯೇಟರಿನೊಳಗೆ ನೀರು ಒತ್ತಡದಲ್ಲಿರುತ್ತದೆ. ಅಡುಗೆಮನೆಯ ಕುಕ್ಕರಿನ ಹಾಗೆ, ಒತ್ತಡದಿಂದಾಗಿ ನೂರು ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು, ಎಲ್ಲ ನೀರೂ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ನನ್ನ ಅಪ್ಪನ ಬಲಗೈಯಲ್ಲಿ ಮೊಣಕೈಯಿಂದ ಮಣಿಗಂಟಿನ ತನಕ ಒಂದು ಸುಟ್ಟ ಕಲೆಯಿತ್ತು. ಈ ಸಾಲನ್ನು ನನಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ.

ಎರಡನೆಯದು: ಬೇಸನ್, ಆಳಿಕೆ, ಹಳೆ ಬಟ್ಟೆ ಸಿದ್ಧವಿರಲಿ. ಬೇಸನ್ ಇತ್ತು. ಆಳಿಕೆ ಮಾತ್ರ ಅಡುಗೆಮನೆಯದ್ದು ಕೊಡಲಾರೆ ಎಂದು ಹೆಂಡತಿ ಖಂಡಿತವಾಗಿ ಹೇಳಿದಳು. ಅವಳು ಹೇಳಿದ್ದು ಸರಿಯೇ, ಅದರ ಕಾರಣ ಮುಂದೆ ಬರುತ್ತದೆ. ಅಟ್ಟದಲ್ಲಿ ಅಪ್ಪನ ತಗಡಿನ ಪೆಟ್ಟಿಗೆ ಇರುವುದು ನೆನಪಾಯಿತು. ಅಪ್ಪ ತೀರಿಕೊಂಡದ್ದು 2003ರಲ್ಲಿ. ಅಂದಿನಿಂದ ಅದನ್ನು ತೆರೆದವರಿಲ್ಲ. ಮೊಮ್ಮಗ ಏಣಿ ಹತ್ತಿ ಇಳಿಸಿದ. ಒಳಗೆ ಎರಡು ಸ್ಪ್ಯಾನರು, ಒಂದು ಟೈರ್ ಲಿವರ್, ನನಗೆ ಬೇಕಾದ ತಗಡಿನ ಆಳಿಕೆ; ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಉದ್ದದ ಮೂರು ಲೆಕ್ಕದ ಪುಸ್ತಕಗಳು. ಪುಸ್ತಕಗಳನ್ನು ಜಗಲಿಯ ಮೇಲೆ ಇಟ್ಟು ಆಳಿಕೆಯನ್ನು ಮಾತ್ರ ತೊಳೆದುಕೊಂಡೆ.

ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. 1979ರಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡ ಅಂಬಾಸಿಡರ್. ಮನೆಯಲ್ಲಿ ತುಳು, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಲಯಾಳ, ಬರೆಯುವುದಿದ್ದರೆ ಕನ್ನಡ. ನಮ್ಮ ಊರಿನ ಎಷ್ಟೋ ಮಂದಿಯ ಹಾಗೆ ಅವರಿಗೂ ಮೂರು ಭಾಷೆಗೆ ಮೂರು ಜಾಗ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರುವ ಮುಂಚೆಯೇ ಕನ್ನಡ ಶಾಲೆಯ ಐದನೆಯ ತರಗತಿ ಮುಗಿಸಿದ್ದವರು ಅವರು. ಅಷ್ಟರಲ್ಲಿ ಕಲಿತ ಅಕ್ಷರದಲ್ಲಿ ಕೊನೆಯ ತನಕ ಲೆಕ್ಕ ಬರೆದರು.

ಅವರಿಗೆ ಎಂಜಿನು ಎಂದರೆ ದನ ಇದ್ದ ಹಾಗೆ. ಹೊಟ್ಟೆಗೆ ಹಾಕಬೇಕು, ನೀರು ಕುಡಿಸಬೇಕು. ಪ್ರತಿದಿನ ಬೆಳಗ್ಗೆ ಗುಡ್ಡದ ಬುಡದ ನಮ್ಮ ಸುರಂಗದಿಂದ ತಾಮ್ರದ ಚೆಂಬಿನಲ್ಲಿ ನೀರು ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದರು. ಸುರಂಗ ಎಂದರೆ ಏನೆಂದು ಈ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದು, ಒಳಗಿನ ಒಸರನ್ನು ಹೊರಗೆ ಹರಿಸಿಕೊಳ್ಳುವ ಉಪಾಯ. ಪಂಪು ಬೇಡ, ಹಗ್ಗ ಬೇಡ. ಕಡು ಬೇಸಗೆಯಲ್ಲೂ ತಣ್ಣಗಿರುವ ಆ ನೀರಿಗಿಂತ ಶುದ್ಧವಾದ್ದು ಲೋಕದಲ್ಲಿಲ್ಲ ಎಂದು ಅಪ್ಪ ನಂಬಿದ್ದರು. "ನಾವು ಕುಡಿಯುವುದನ್ನೇ ಅದಕ್ಕೂ ಕೊಡುವುದು" ಎನ್ನುತ್ತಿದ್ದರು.

ಮೊಮ್ಮಗ ಮೂರು, ನಾಲ್ಕು, ಐದನೆಯ ಸಾಲುಗಳನ್ನು ಓದಿ ಹೇಳಿದ. ರೇಡಿಯೇಟರಿನ ಮುಚ್ಚಳ ತೆಗೆದೆವು. ಕೆಳಗೆ ಬೇಸನ್ ಇಟ್ಟು ಬುಡದ ಡ್ರೈನ್ ಪ್ಲಗ್ ಸಡಿಲಿಸಿದೆ. ಕಂದು ನೀರು ಬಂತು, ಅದರ ಹಿಂದೆ ಕೆಮ್ಮಣ್ಣಿನಂಥ ಗಸಿ. ಪಕ್ಕದ ಬಾಟಲಿಯನ್ನು ಕಳಚಿ ತೊಳೆದೆವು.

"ಅಜ್ಜ, ಇದು ಗುಡ್ಡದ ಮಣ್ಣಾ?" ಎಂದು ಕೇಳಿದ.

ಮಣ್ಣಲ್ಲ, ತುಕ್ಕು. ಇಚ್ಚ ಅದನ್ನು ಮೊದಲೇ ವಿವರಿಸಿದ್ದರು. ಗಡಸು ನೀರಿನ ಊರುಗಳಲ್ಲಿ ರೇಡಿಯೇಟರಿನೊಳಗೆ ಸುಣ್ಣದ ಹಾಗೆ ಬಿಳಿಯ ಪದರ ಕಟ್ಟುತ್ತದೆ. ನಮ್ಮದು ಮುರಕಲ್ಲಿನ ನೀರು. ಸಾಬೂನು ಚೆನ್ನಾಗಿ ನೊರೆ ಬರುವ ಮೆದು ನೀರು. ಆದರೆ ಇಲ್ಲಿನ ಬಾವಿ, ಸುರಂಗಗಳ ನೀರಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಹುಳಿಯಂಶ ಇರುತ್ತದೆ. ಅದಕ್ಕೆ ಗಾಳಿಯೂ ಬಿಸಿಯೂ ಸೇರಿದರೆ ಕಬ್ಬಿಣವನ್ನು ತಿನ್ನುತ್ತದೆ, ಅಲ್ಯೂಮಿನಿಯಮನ್ನೂ ಬಿಡುವುದಿಲ್ಲ. ನಾಲಿಗೆಗೆ ಒಳ್ಳೆಯದಾದ ನೀರು ಲೋಹಕ್ಕೂ ಒಳ್ಳೆಯದೆಂದು ಹೇಳಲಾಗುವುದಿಲ್ಲ. ಅಪ್ಪನ ನಂಬಿಕೆ ಎಡವಿದ್ದು ಇಲ್ಲಿ; ನಾನೂ ಹದಿನೈದು ವರ್ಷ ಅದನ್ನೇ ಮಾಡಿದ್ದೆ.

"ಕೂಲೆಂಟ್ ಡಬ್ಬದ ಮೇಲೆ ಆಂಟಿಫ್ರೀಜ್ ಎಂದು ಬರೆದಿದೆಯಲ್ಲ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಮತ್ತೆ ಯಾಕೆ?" ಹುಡುಗನ ಪ್ರಶ್ನೆ ನ್ಯಾಯವಾದದ್ದೇ.

ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಈ ದ್ರವವೇ ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಕೂಲೆಂಟಿನಲ್ಲಿ ಇರುವುದು ಮುಖ್ಯವಾಗಿ ಎಥಿಲೀನ್ ಗ್ಲೈಕಾಲ್. ನೀರಿಗೆ ಅದನ್ನು ಸಮಪಾಲು ಬೆರೆಸಿದರೆ ಸೊನ್ನೆಗಿಂತ ಮೂವತ್ತು ಡಿಗ್ರಿಗೂ ಕೆಳಗಿನ ತನಕ ಗಡ್ಡೆ ಕಟ್ಟುವುದಿಲ್ಲ. ಆ ಉಪಕಾರ ಕಾಶ್ಮೀರದವರಿಗೆ. ನಮಗೆ ಅದರ ಇನ್ನೆರಡು ಗುಣ ಬೇಕು. ಒಂದು, ಅದು ಬರಿಯ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಕುದಿಯುತ್ತದೆ. ಎರಡು, ಅದರ ಜೊತೆಗೆ ಸೇರಿಸಿರುವ ತುಕ್ಕುನಿರೋಧಕಗಳು ಲೋಹದ ಒಳಮೈಯನ್ನು ಕಾಯುತ್ತವೆ. ಈ ಎರಡನೆಯದು ಕಾಲಕಾಲಕ್ಕೆ ಮುಗಿದುಹೋಗುತ್ತದೆ. ದ್ರವ ಇದ್ದಷ್ಟೇ ಇರುತ್ತದೆ, ಬಣ್ಣವೂ ಕೆಲವು ಕಾಲ ಹಾಗೇ ಇರುತ್ತದೆ, ಒಳಗಿನ ಕಾವಲು ಮಾತ್ರ ಇಲ್ಲ. ಆದ್ದರಿಂದಲೇ ಕಣ್ಣಿಗೆ ಕಂಡದ್ದನ್ನು ನಂಬದೆ ಅವಧಿಯನ್ನು ನಂಬಬೇಕು: ಹಳೆಯ ಹಸಿರು ಜಾತಿಯದ್ದಕ್ಕೆ ಸಾಮಾನ್ಯವಾಗಿ ಎರಡು ವರ್ಷ, ಹೊಸ ಜಾತಿಗಳಿಗೆ ಹೆಚ್ಚು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಅದು ಇರುತ್ತದೆ. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿ ಬೆರೆಸಬಾರದು. ಕೆಲವು ಒಂದಕ್ಕೊಂದು ಹೊಂದದೆ ಲೋಳೆ ಕಟ್ಟುತ್ತವೆ.

ಪ್ಲಗ್ ಬಿಗಿದು, ಸುರಂಗದ ಪೈಪಿನಿಂದ ನೀರು ತುಂಬಿಸಿದೆವು. ತೊಳೆಯಲು ಈ ನೀರು ಸಾಕು, ಕೊನೆಗೆ ತುಂಬಲು ಸಾಲದು. ಆರನೆಯ ಸಾಲು ಓದುವಾಗ ಮೊಮ್ಮಗ ನಕ್ಕುಬಿಟ್ಟ: "ಹೀಟರ್ ಪೂರ್ತಿ ಬಿಸಿಗೆ ಇಡಿ." ಕಾಸರಗೋಡಿನಲ್ಲಿ, ಮಾರ್ಚ್ ತಿಂಗಳಲ್ಲಿ, ಹೀಟರ್! ಈ ಕಾರಿನಲ್ಲಿ ಹಾಗೊಂದು ಲಿವರ್ ಇರುವುದು ನಾವು ಮರೆತೇ ಹೋಗಿದ್ದೆವು. ಆದರೆ ಅದನ್ನು ಬಿಸಿಗೆ ತಿರುಗಿಸಿದರೇ ಹೀಟರಿನೊಳಗಿನ ಸಣ್ಣ ಕೊಳವೆಗಳಲ್ಲೂ ನೀರು ಹರಿದು ಅಲ್ಲಿನ ಗಸಿ ಹೊರಬರುವುದು. ಎಂಜಿನು ಚಾಲೂ ಮಾಡಿ ಕಾದೆವು. ಮೊದಲು ರೇಡಿಯೇಟರಿನ ಮೇಲಿನ ಹೋಸು ತಣ್ಣಗೇ ಇತ್ತು. ಎಂಜಿನು ಎಂಬತ್ತು ಡಿಗ್ರಿಯ ಆಸುಪಾಸಿಗೆ ಬಂದಾಗ ಒಳಗಿನ ಥರ್ಮೋಸ್ಟಾಟ್ ಬಾಗಿಲು ತೆರೆಯಿತು. ಹೋಸು ಒಮ್ಮೆಗೇ ಬಿಸಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ಫ್ಯಾನು ತಾನಾಗಿ ತಿರುಗಿತು. ಕೈ ದೂರ, ಎಂದೆ. ಎಂಜಿನು ಆರಿಸಿದೆ.

ಏಳನೆಯ ಸಾಲು ಒಂದೇ ಶಬ್ದ: ಕಾಯಿರಿ. ಪೂರ್ತಿ ತಣಿಯುವ ತನಕ ಮತ್ತೆ ಮುಚ್ಚಳ ಮುಟ್ಟುವ ಹಾಗಿಲ್ಲ. ಎರಡು ಗಂಟೆ ಕೆಲಸವಿಲ್ಲ. ಜಗಲಿಯಲ್ಲಿ ಕುಳಿತೆವು. ಹೆಂಡತಿ ಪುನರ್ಪುಳಿ ಶರಬತ್ತು ತಂದಿಟ್ಟಳು. ಮೊಮ್ಮಗ ಅಪ್ಪನ ಪುಸ್ತಕವೊಂದನ್ನು ಬಿಡಿಸಿ, ಬೆರಳಿಟ್ಟು ಓದತೊಡಗಿದ.

"ಅಜ್ಜ, ಇಲ್ಲಿ ಎಲ್ಲ ಕಡೆಯೂ ನೀ, ನೀ ಎಂದು ಬರೆದಿದ್ದಾರಲ್ಲ. ಯಾರಿಗೆ?"

ನನಗೂ ಕೂಡಲೇ ತಿಳಿಯಲಿಲ್ಲ. ಕನ್ನಡಕ ಹಾಕಿ ನೋಡಿದೆ. ಪ್ರತಿ ಸಾಲಿನಲ್ಲೂ ತಾರೀಕು, ಎಲ್ಲಿಂದ ಎಲ್ಲಿಗೆ, ಬಾಡಿಗೆ. ಮತ್ತೆ 'ಪೆ', 'ಆ', 'ನೀ' ಎಂದು ಮೂರು ಕಲಂ. ಪೆಟ್ರೋಲು, ಆಯಿಲು, ನೀರು. ನೀರಿನ ಕೆಳಗೆ ಇದ್ದ ಅಂಕೆ ಚೆಂಬಿನ ಲೆಕ್ಕ.

ಹುಡುಗನಿಗೆ ಆಟ ಸಿಕ್ಕಿತು. ಒಂದು ಕಾಗದದಲ್ಲಿ ತಿಂಗಳು ತಿಂಗಳಿನ ನೀರನ್ನು ಕೂಡಿಸಿ ಬರೆಯತೊಡಗಿದ. 1984ರಲ್ಲಿ ವಾರಕ್ಕೆ ಒಂದು ಚೆಂಬು. 1985ರ ಬೇಸಗೆಯಲ್ಲಿ ಎರಡು ದಿನಕ್ಕೊಂದು. ಆ ಮಳೆಗಾಲದಲ್ಲೂ ಕಡಿಮೆಯಾಗಲಿಲ್ಲ. 1986ರ ಮಾರ್ಚಿನಲ್ಲಿ ದಿನಕ್ಕೆ ಎರಡು. ಮೇ ತಿಂಗಳಲ್ಲಿ ನಾಲ್ಕು. ನಾನು ಬೆರಳಿಟ್ಟು ನೋಡುತ್ತಾ ಹೋದೆ. ಎಂಜಿನು ನೀರು ಕುಡಿಯುವ ಪ್ರಾಣಿಯಲ್ಲ. ಅದೇ ನೀರು ಸುತ್ತಿ ಸುತ್ತಿ ಬರಬೇಕು. ಹೀಗೆ ಕುಡಿಯುತ್ತಾ ಹೋಗಿ, ನಿಂತ ಜಾಗದಲ್ಲಿ ಒಂದು ಹನಿಯೂ ಸೋರದಿದ್ದರೆ, ನೀರು ಒಳಗೇ ಹೋಗುತ್ತಿದೆ ಎಂದು ಅರ್ಥ. ಎಂಜಿನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಬಿರಿದಿರುತ್ತದೆ. ಹಿಂದಿನಿಂದ ಬಿಳಿ ಹೊಗೆ, ಆಯಿಲ್ ಮುಚ್ಚಳದೊಳಗೆ ಹಾಲಿನಂಥ ಕೆನೆ. ಯಾವ ಮೆಕ್ಯಾನಿಕ್ಕಾದರೂ ಈ ಒಂದು ಕಲಂ ನೋಡಿ ಹೇಳಬಹುದಿತ್ತು.

ಇನ್ನು ಆ ರಾತ್ರಿಯ ಮಾತು. 1986ರ ಜುಲೈ 20, ಆದಿತ್ಯವಾರ. ನಾನು ಆಗ ಮಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದೆ, ರಜೆಗೆಂದು ಮನೆಗೆ ಬಂದಿದ್ದೆ. ರಾತ್ರಿ ಹತ್ತು ಗಂಟೆಗೆ ನೆರೆಮನೆಯ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು. ಚೊಚ್ಚಲು, ಏನೋ ತೊಂದರೆ, ಮಂಗಳೂರಿಗೇ ಒಯ್ಯಬೇಕೆಂದರು. ಅಪ್ಪ ಕಾರು ತೆಗೆದರು. ಮರುದಿನ ಹೇಗೂ ಹೋಗಬೇಕಾದವನು ಎಂದು ನಾನೂ ಮುಂದೆ ಹತ್ತಿದೆ. ಕುಂಬಳೆ ದಾಟುವಾಗಲೇ ಕಾರು ಬಿಸಿಯಾಗಿತ್ತು. ಉಪ್ಪಳ ಕಳೆದು ಹೊಸಂಗಡಿಗೆ ಮುಟ್ಟುವ ಮುಂಚೆ ಬೋನೆಟಿನ ಎಡೆಯಿಂದ ಆವಿ ಎದ್ದು, ಎಂಜಿನು ನಿಂತಿತು. ಹಿಂದಿನ ಸೀಟಿನಲ್ಲಿ ಆ ಅಕ್ಕ ಕೂಗುತ್ತಿದ್ದರು. ಹೊರಗೆ ಜಡಿಮಳೆ. ಸುತ್ತಲೂ ನೀರೋ ನೀರು, ರೇಡಿಯೇಟರಿನಲ್ಲಿ ಮಾತ್ರ ಇಲ್ಲ. ಅಪ್ಪ ತಣಿಯಲು ಕಾಯಲಿಲ್ಲ. ಬೈರಾಸು ಸುತ್ತಿ ಮುಚ್ಚಳ ತಿರುಗಿಸಿದರು. ಆ ಕಲೆ ಅಂದಿನದು. ಅವರು ಕೂಗಲಿಲ್ಲ. ಸುಟ್ಟ ಕೈಯಲ್ಲೇ ಮುಟ್ಟಾಳೆಯನ್ನು ಮಳೆಗೆ ಹಿಡಿದು, ತುಂಬಿದ ನೀರನ್ನು ಒಳಗೆ ಹೊಯ್ದರು. ಎಂಜಿನು ಮತ್ತೆ ಹಿಡಿಯಲಿಲ್ಲ.

ಮೀನಿನ ಲಾರಿಯೊಂದು ಬಂದದ್ದು ದೇವರ ದಯೆ. ಅದರಲ್ಲಿ ಅವರು ಮಂಗಳೂರು ಸೇರಿದರು. ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ಗಲ್ಫಿನಲ್ಲಿದ್ದಾನೆ, ಊರಿಗೆ ಬಂದಾಗ ನಮ್ಮ ಮನೆಗೂ ಬರುತ್ತಾನೆ. ಆದರೆ ಊರಿನ ಬಾಯಿ ಬೇರೆ. ಆ ಕಾರನ್ನು ನೆಚ್ಚಿಕೊಂಡು ರಾತ್ರಿ ಹೊರಡಬೇಡಿ ಎಂದು ಮಾತಾಯಿತು. ಬಾಡಿಗೆ ಕಡಿಮೆಯಾಯಿತು. ಮರುವರ್ಷ ಅಪ್ಪ ಕಾರನ್ನು ತೂಕದ ಬೆಲೆಗೆ ಕೊಟ್ಟು, ಬೇರೆಯವರ ಜೀಪಿಗೆ ಡ್ರೈವರಾದರು.

ಅದಕ್ಕಿಂತ ಹೆಚ್ಚಿನದು ನಾನು ಮಾಡಿದ್ದು. ಆ ಮರುದಿನ ಮಧ್ಯಾಹ್ನ, ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಅಪ್ಪನಿಗೆ ಅಮ್ಮನ ಎದುರಿನಲ್ಲೇ ಹೇಳಿದೆ: "ಒಂದು ಎಂಜಿನು ನೋಡಿಕೊಳ್ಳಲು ತಿಳಿಯದವರು ಜನರ ಜೀವ ಹೊತ್ತುಕೊಂಡು ಯಾಕೆ ಹೋಗಬೇಕು?" ಬಿ.ಎಡ್. ಓದುತ್ತಿದ್ದ ಇಪ್ಪತ್ತೆರಡರ ಹುಡುಗನ ಮಾತು. ಅಪ್ಪ ಉತ್ತರ ಕೊಡಲಿಲ್ಲ. ಮತ್ತೆ ಹದಿನೇಳು ವರ್ಷ ಬದುಕಿದ್ದರು. ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜಗಲಿಯಲ್ಲಿ ಕುಳಿತು ನಾನೇ ಪುಟ ತಿರುಗಿಸಿದೆ. ಜೂನ್ ತಿಂಗಳ ಪುಟದ ಕೆಳಗೆ, ಲೆಕ್ಕದ ಹೊರಗೆ, ಅಪ್ಪನ ದುಂಡು ಅಕ್ಷರದಲ್ಲಿ ಹೀಗಿತ್ತು: "ಹೆಡ್ಡು ಬಿಚ್ಚಬೇಕು. ಗ್ಯಾಸ್ಕೆಟ್ಟು, ಕೂಲಿ ಸೇರಿ 700." ಅದರ ಕೆಳಗಿನ ಸಾಲು: "30-6 ಮಗನ ಕಾಲೇಜು, ಹಾಸ್ಟೆಲು 640." ಅದರ ಕೆಳಗೆ: "ಹೆಡ್ಡು ಮಳೆ ಕಳೆದ ಮೇಲೆ."

ಜುಲೈ 20ರ ಸಾಲನ್ನೂ ನೋಡಿದೆ. "ಬದಿಯಡ್ಕ – ಮಂಗಳೂರು. ಉಪ್ಪಳ ಕಳೆದು ನಿಂತಿತು. ಬಾಡಿಗೆ ತೆಗೆದುಕೊಳ್ಳಲಿಲ್ಲ." ಕೈ ಸುಟ್ಟದ್ದು ಬರೆದಿಲ್ಲ. ನಾನು ಅಂದದ್ದು ಬರೆದಿಲ್ಲ. ನೀರಿನ ಕಲಂ ಖಾಲಿ.

ತಿಳಿಯದೆ ಇದ್ದದ್ದಲ್ಲ. ತಿಳಿದೇ, ಮಳೆ ಕಳೆಯುವ ತನಕ ತಳ್ಳಿಕೊಂಡು ಹೋಗಬಹುದು ಎಂದು ಲೆಕ್ಕ ಹಾಕಿದ್ದರು. ಮಳೆಗಾಲದಲ್ಲಿ ಎಂಜಿನು ಅಷ್ಟು ಬಿಸಿಯಾಗದು ಎಂದುಕೊಂಡಿರಬೇಕು. ಲೆಕ್ಕ ತಪ್ಪಿತು. ತಪ್ಪಿದ ಲೆಕ್ಕದ ಒಂದು ಬದಿಯಲ್ಲಿ ನಾನಿದ್ದೆ. ಆ 640 ರೂಪಾಯಿಯಲ್ಲಿ ಓದಿ, ಕನ್ನಡ ಮೇಷ್ಟ್ರಾಗಿ, ಸಾವಿರಾರು ಮಕ್ಕಳಿಗೆ ಓದಲು ಬರೆಯಲು ಕಲಿಸಿದೆ. ಮನೆಯ ಅಟ್ಟದಲ್ಲಿದ್ದ ಈ ಕನ್ನಡವನ್ನು ಮಾತ್ರ ಓದಿರಲಿಲ್ಲ.

"ಅಜ್ಜ, ತಣ್ಣಗಾಯಿತು" ಎಂದು ಮೊಮ್ಮಗ ಕರೆದ. ಹೋಸನ್ನು ಮುಟ್ಟಿ ನೋಡಿ ಹೇಳಿದ್ದ. ಎದ್ದೆ.

ಆ ದಿನ ಎರಡು ಸಲ ಮತ್ತೆ ತುಂಬಿಸಿ, ಬಿಸಿ ಮಾಡಿ, ತಣಿಸಿ, ಬಸಿದೆವು. ಮೊದಲನೆಯ ಸಲ ಚಹಾ, ಎರಡನೆಯ ಸಲ ತಿಳಿ ಚಹಾ, ಮೂರನೆಯ ಸಲ ಬರೀ ನೀರು. ಮರುದಿನ ಬೆಳಗ್ಗೆ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನಲ್ಲಿ ಕೊನೆಯ ತೊಳೆತ.

ಬಸಿದದ್ದನ್ನು ಒಂದು ಹನಿಯೂ ಅಂಗಳಕ್ಕೆ ಬಿಡಲಿಲ್ಲ. ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ಕರು ಸಿಹಿಯೆಂದು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ, ಮಕ್ಕಳಿಗೂ ಹಾಗೆಯೇ. ಅಡುಗೆಮನೆಯ ಆಳಿಕೆ ಕೊಡಲಾರೆ ಎಂದ ಹೆಂಡತಿಗೆ ಇದು ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಸರಿಯಾದದ್ದನ್ನು ಮಾಡಿದ್ದಳು. ಕಂಗಿನ ತೋಟದ ತೋಡಿಗೆ ಚೆಲ್ಲಿದರೆ ಏನಾಗುತ್ತದೆ ಎಂದು ಮೊಮ್ಮಗ ಕೇಳಿದ. ಎಣ್ಮಕಜೆ, ಪಡ್ರೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದದ್ದನ್ನು, ಅದು ತೋಡು ಸುರಂಗಗಳಿಗೆ ಇಳಿದದ್ದನ್ನು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಎದ್ದು ನಡೆಯಲಾರದ ಮಕ್ಕಳಿದ್ದರು ಎನ್ನುವುದನ್ನು ಹೇಳಿದೆ. ನಮ್ಮ ನೀರು ಎಲ್ಲವೂ ಗುಡ್ಡದೊಳಗಿನಿಂದಲೇ ಬರಬೇಕು. ಮೇಲೆ ಚೆಲ್ಲಿದ್ದು ಒಂದಲ್ಲ ಒಂದು ದಿನ ಚೆಂಬಿಗೆ ಬರುತ್ತದೆ. ಎಲ್ಲವನ್ನೂ ಮುಚ್ಚಳವಿರುವ ಕ್ಯಾನುಗಳಲ್ಲಿ ತುಂಬಿ, ಹೆಸರು ಬರೆದು ಎತ್ತರದಲ್ಲಿಟ್ಟೆವು. ವರ್ಕ್‌ಶಾಪಿಗೆ ಹಳೆ ಆಯಿಲು ಒಯ್ಯಲು ಬರುವವರು ಇದನ್ನೂ ಬೇರೆಯಾಗಿ ಒಯ್ಯುತ್ತಾರೆ, ಆಯಿಲಿಗೆ ಬೆರೆಸಬೇಡಿ ಎಂದಿದ್ದರು ಇಚ್ಚ.

ಇನ್ನು ತುಂಬುವುದು. ಎಷ್ಟು ಬಸಿದರೂ ಎಂಜಿನಿನೊಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ. ಬೆರೆಸಿಟ್ಟ ಕೂಲೆಂಟನ್ನೇ ಹೊಯ್ದರೆ ಅದು ಇನ್ನೂ ತೆಳ್ಳಗಾಗುತ್ತದೆ. ಹಾಗಾಗಿ ಗಾಡಿಯ ಪುಸ್ತಕದಲ್ಲಿ ಹೇಳಿದ ಒಟ್ಟು ಪ್ರಮಾಣದ ಅರ್ಧದಷ್ಟು, ನೀರು ಬೆರೆಸದ ಗಟ್ಟಿ ಕೂಲೆಂಟನ್ನು ಮೊದಲು ಹೊಯ್ದು, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಬೇಕು. ಕಾರಿನ ಮೂತಿ ಸ್ವಲ್ಪ ಮೇಲಿರುವ ಹಾಗೆ ಅಂಗಳದ ಏರಿನಲ್ಲಿ ನಿಲ್ಲಿಸಿ, ಅಪ್ಪನ ಆಳಿಕೆ ಇಟ್ಟು, ಮೆಲ್ಲನೆ ಹೊಯ್ದೆ. ಅವಸರ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ದ್ರವ ಇದ್ದರೂ ಇಲ್ಲದ ಹಾಗೆ ಎಂಜಿನು ಬಿಸಿಯಾಗುತ್ತದೆ. ಮುಚ್ಚಳ ತೆರೆದಿಟ್ಟೇ ಎಂಜಿನು ಚಾಲೂ ಮಾಡಿದೆವು. ತಣ್ಣಗಿನ ಎಂಜಿನಿನಿಂದಲೇ ಶುರು ಮಾಡುವಾಗ ಮಾತ್ರ ಹೀಗೆ ತೆರೆದಿಡಬಹುದು. ಮೊಮ್ಮಗ ಮೇಲಿನ ಹೋಸನ್ನು ಆಗಾಗ ಅಮುಕಿದ. ಗುಳುಗುಳು ಎಂದು ಗುಳ್ಳೆಗಳು ಎದ್ದವು, ಮಟ್ಟ ಇಳಿಯಿತು, ಮತ್ತೆ ಹೊಯ್ದೆವು. ಹೋಸು ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿದು, ಪಕ್ಕದ ಬಾಟಲಿಯನ್ನು ಎರಡು ಗೆರೆಗಳ ನಡುವೆ ನಿಲ್ಲಿಸಿದೆವು.

ಕ್ಯಾನುಗಳನ್ನು ಕೊಡಲು ಹೋದಾಗ ಇಚ್ಚನಿಗೆ ಲೆಕ್ಕದ ಪುಸ್ತಕ ತೋರಿಸಿದೆ. 1986ರಲ್ಲಿ ಅವರು ಅದೇ ಪೇಟೆಯ ಇನ್ನೊಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುತ್ತಿದ್ದರು. ಕನ್ನಡ ಓದಲು ಬಾರದಿದ್ದರೂ ಅಂಕೆಗಳ ಮೇಲೆ ಕಣ್ಣಾಡಿಸಿದರು.

"ಸುರಂಗದ ನೀರೇ ಆ ಎಂಜಿನನ್ನು ಕೊಂದದ್ದಾ ಇಚ್ಚ?" ಎಂದು ಕೇಳಿದೆ.

"ಅದೊಂದೇ ಎಂದು ಹೇಳಲಾಗುವುದಿಲ್ಲ ಮಾಷೆ. ತುಕ್ಕು ಕಟ್ಟಿರಬಹುದು. ಥರ್ಮೋಸ್ಟಾಟನ್ನು ಆಗಿನ ಮೆಕ್ಯಾನಿಕ್ಕುಗಳೇ ಕಿತ್ತು ಬಿಸಾಡುತ್ತಿದ್ದರು. ಹಳೆ ಗಾಡಿ, ಈ ಏರು, ಎಂಟು ಎಂಟು ಜನ. ಕೂಲೆಂಟು ಆಗ ಈ ಪೇಟೆಯಲ್ಲಿ ಯಾರು ಕಂಡಿದ್ದರು?" ಸ್ವಲ್ಪ ತಡೆದು ಹೇಳಿದರು: "ನಿಮ್ಮ ಅಪ್ಪ ರೇಟು ಕೇಳಲು ಬಂದದ್ದು ನನಗೆ ನೆನಪುಂಟು. ಎರಡು ಸಲ ಬಂದಿದ್ದರು."

ನಾನು ಏನೂ ಹೇಳಲಿಲ್ಲ. ಅವರೂ ಮತ್ತೆ ಬೋನೆಟಿನೊಳಗೆ ತಲೆ ಹಾಕಿದರು.

ಮರುದಿನ ತಣ್ಣಗಿನ ಹೊತ್ತಿನಲ್ಲಿ ನೋಡಿದರೆ ಬಾಟಲಿಯ ಮಟ್ಟ ಒಂದು ಬೆರಳು ಇಳಿದಿತ್ತು. ಉಳಿದ ಗಾಳಿ ಹೊರಬಿದ್ದಾಗ ಹಾಗಾಗುತ್ತದೆ, ಹೆದರಬೇಡಿ, ಆದರೆ ಒಂದು ವಾರ ದಿನಾ ನೋಡಿ ಎಂಬುದು ಚೀಟಿಯ ಹನ್ನೊಂದನೆಯ ಸಾಲು. ದಿನಾ ನೋಡಿದ್ದನ್ನು ಎಲ್ಲಿ ಬರೆಯುವುದು? ಅಪ್ಪನ ಮೂರನೆಯ ಪುಸ್ತಕದಲ್ಲಿ ಕೊನೆಯ ಇಪ್ಪತ್ತು ಪುಟ ಖಾಲಿ ಇತ್ತು. ಮೊಮ್ಮಗನ ಕೈಗೆ ಪೆನ್ನು ಕೊಟ್ಟೆ. ತಾರೀಕು ಹಾಕಿದ. ಅಪ್ಪನ ಹಾಗೆಯೇ ಗೆರೆ ಎಳೆದು, 'ಪೆ', 'ಆ' ಎಂದು ಬರೆದ. ಮೂರನೆಯ ಕಲಮಿಗೆ ಬಂದಾಗ ಸ್ವಲ್ಪ ಯೋಚಿಸಿದ.

"ಈಗ ನೀರಲ್ಲವಲ್ಲ ಅಜ್ಜ. 'ಕೂ' ಎಂದು ಬರೆಯಲಾ?"

ಬರೆ ಎಂದೆ. ದೀರ್ಘವನ್ನು ಮರೆತು 'ಕು' ಎಂದು ಬರೆದ. ಮತ್ತೆ ತಾನೇ ನೋಡಿ ತಿದ್ದಿದ. ಆ ವಾರದ ಏಳು ಸಾಲುಗಳಲ್ಲಿ ಮೊದಲ ದಿನ ಅರ್ಧ ಲೋಟ, ಎರಡನೆಯ ದಿನ ಸ್ವಲ್ಪ, ಆಮೇಲೆ ಐದು ಸೊನ್ನೆಗಳಿವೆ.

ವಿಷು ಕಳೆದ ಮೇಲೆ ಹೆಂಡತಿಯ ಕಣ್ಣಿಗೆಂದು ಮತ್ತೆ ಮಂಗಳೂರಿಗೆ ಹೋದೆವು. ಉಪ್ಪಳದಲ್ಲಿ ಅದೇ ಸಾಲು, ಅದೇ ಬಿಸಿಲು. ಮುಳ್ಳು ನಡುವಿನಲ್ಲೇ ನಿಂತಿತ್ತು. ಹೊಸಂಗಡಿಗೆ ಮುಂಚೆ, ಹಳೆಯ ರಸ್ತೆಯೆಲ್ಲ ಅಗೆದು ಗುರುತು ಸಿಗದ ಹಾಗಾಗಿದ್ದ ಜಾಗದಲ್ಲಿ, ಇಲ್ಲೇ ಇರಬೇಕು ಎಂದು ಅಂದಾಜಿನಿಂದ ಕಾರನ್ನು ಅಂಚಿಗೆ ತಂದು ನಿಲ್ಲಿಸಿದೆ.

"ಏನಾಯಿತು? ಬಿಸಿಯಾಯಿತಾ?" ಎಂದು ಹೆಂಡತಿ ಗಾಬರಿಯಿಂದ ಕೇಳಿದಳು.

"ಇಲ್ಲ" ಎಂದೆ. ಎರಡು ನಿಮಿಷ ಕುಳಿತು, ಮತ್ತೆ ಹೊರಟೆವು.